ಪುರಸೈವಾಕ್ಕಂನ ಹಳೆಯ ಜೀಪು: ಲಕ್ಷಣ ಒಂದೆಡೆ, ದೋಷ ಇನ್ನೊಂದೆಡೆ

ಚೆನ್ನೈ ನಗರದಲ್ಲಿ ವೇಪೇರಿ, ಕೀಳ್ಪಾಕ್ಕಂ, ಓಟ್ಟೇರಿಗಳ ನಡುವೆ ಹಬ್ಬಿರುವ ಪುರಸೈವಾಕ್ಕಂ ಅಂಗಡಿಬೀದಿಗಳ ದಟ್ಟಣೆಗೆ ಹೆಸರಾದ ಬಡಾವಣೆ. ಏರು ಹತ್ತಬೇಕಾದ ಗುಡ್ಡವಾಗಲಿ ಹಾಯಬೇಕಾದ ಹಳ್ಳವಾಗಲಿ ಇಲ್ಲದ ಇಂಥ ಸಮತಟ್ಟಾದ ಊರಿನಲ್ಲಿ ಹಳೆಯ ಜೀಪನ್ನೋ ಜಿಪ್ಸಿಯನ್ನೋ ಇಟ್ಟುಕೊಂಡವರ ತೊಂದರೆಗಳು, ಕೊಡಚಾದ್ರಿಯ ಕಲ್ಲುದಾರಿಯಲ್ಲಿ ದಿನವೂ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳ ತೊಂದರೆಗಳಿಗಿಂತ ಬೇರೆ ಬಗೆಯವು. ಮಲೆನಾಡಿನ ಜೀಪು ದುಡಿದು ಸವೆಯುತ್ತದೆ. ಚೆನ್ನೈನ ಜೀಪು ಬಹುಕಾಲ ನಿಂತಲ್ಲೇ ನಿಂತು, ಕಡಲ ಗಾಳಿಯ ಉಪ್ಪಿಗೆ ತುಕ್ಕು ಹಿಡಿದು, ಹಿಂಗಾರಿನಲ್ಲಿ ರಸ್ತೆಯ ಮೇಲೆ ನಿಂತ ನೀರಿಗೆ ಸಿಕ್ಕಿ ಕೆಡುತ್ತದೆ. ಆದರೆ ಎರಡಕ್ಕೂ ಸಮಾನವಾದ ಒಂದು ಗುಣವಿದ್ದು, ದುರಸ್ತಿಯ ವಿಚಾರವೆಲ್ಲ ಅದರ ಸುತ್ತಲೇ ತಿರುಗುತ್ತದೆ. ಈ ಬಗೆಯ ವಾಹನದಲ್ಲಿ ದೋಷ ಇರುವ ಜಾಗ ಒಂದು, ಅದರ ಲಕ್ಷಣ ಕಾಣಿಸುವ ಜಾಗ ಇನ್ನೊಂದು ಆಗಿರುವುದೇ ಹೆಚ್ಚು. ಹಾಗಾಗಿ ಲಕ್ಷಣ ಕಂಡಲ್ಲೇ ಸ್ಪ್ಯಾನರ್ ಹಿಡಿದು ಭಾಗಗಳನ್ನು ಬದಲಾಯಿಸುತ್ತ ಹೋದರೆ ಹಣ ಕರಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ಭಾರತದ ಹಳೆಯ ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ ಬಹುಪಾಲಿನ ಮೂಲ ಅಮೆರಿಕದ ವಿಲ್ಲಿಸ್ ಜೀಪು. 1941ರಲ್ಲಿ ಸೈನ್ಯಕ್ಕಾಗಿ ತಯಾರಾಗತೊಡಗಿದ ಆ ವಿನ್ಯಾಸದ ನಾಗರಿಕ ರೂಪಗಳನ್ನು ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಸಿ.ಜೆ. 3ಬಿ ಮಾದರಿ ದೇಶದ ತೋಟ, ಅರಣ್ಯ ಇಲಾಖೆ, ಪೊಲೀಸ್ ಠಾಣೆಗಳಲ್ಲೆಲ್ಲ ಪರಿಚಿತವಾಯಿತು. 1980ರ ದಶಕದಲ್ಲಿ 2112 ಸಿ.ಸಿ.ಯ ಪೂಜೋ ವಿನ್ಯಾಸದ ಡೀಸೆಲ್ ಎಂಜಿನ್ ಹೊತ್ತ ಎಂ.ಎಂ. 540 ಬಂದಿತು, 1985ರಲ್ಲಿ 970 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಮಾರುತಿ ಜಿಪ್ಸಿ ಬಂದಿತು. ಇವುಗಳ ಎಂಜಿನ್ನುಗಳು ಬೇರೆ ಬೇರೆಯಾದರೂ ಶಕ್ತಿ ಚಕ್ರಕ್ಕೆ ಹರಿಯುವ ದಾರಿ ಒಂದೇ ಬಗೆಯದು. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ನಂತರ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಗೇರಿನ ಪೆಟ್ಟಿಗೆ ಬರುತ್ತದೆ. ಅದು ಬಲವನ್ನು ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳಿಗೆ ಹಂಚುತ್ತದೆ. ಬೇಕಾದಾಗ ವೇಗವನ್ನು ತಗ್ಗಿಸಿ ಎಳೆತವನ್ನು ಹೆಚ್ಚಿಸುವ ಲೋ ಗೇರನ್ನೂ ಒದಗಿಸುತ್ತದೆ. ಅಲ್ಲಿಂದ ಎರಡು ಪ್ರೊಪೆಲ್ಲರ್ ಶಾಫ್ಟ್‌ಗಳು, ಅಂದರೆ ಉದ್ದನೆಯ ತಿರುಗುವ ದಂಡಗಳು, ಹಿಂದೆ ಮುಂದೆ ಹೋಗಿ ಡಿಫರೆನ್ಷಿಯಲ್‌ಗಳನ್ನು ಸೇರುತ್ತವೆ. ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆಯೇ ಡಿಫರೆನ್ಷಿಯಲ್. ಸಾಮಾನ್ಯ ಕಾರಿನಲ್ಲಿ ಒಂದೇ ಇರುವ ಈ ಭಾಗ ಇಲ್ಲಿ ಎರಡಿವೆ, ಮತ್ತು ಎರಡರ ನಡುವೆ ಮೂರನೆಯ ಡಿಫರೆನ್ಷಿಯಲ್ ಇಲ್ಲ. ಈ ಇಲ್ಲದಿರುವಿಕೆಯಿಂದಲೇ ಹಲವು ತೊಂದರೆಗಳು ಹುಟ್ಟುತ್ತವೆ.

ಲಕ್ಷಣಕ್ಕೂ ದೋಷಕ್ಕೂ ನಡುವಿನ ದೂರವನ್ನು ಹ್ಯಾಂಡ್ ಬ್ರೇಕಿನ ಉದಾಹರಣೆ ಚೆನ್ನಾಗಿ ತೋರಿಸುತ್ತದೆ. ವಿಲ್ಲಿಸ್ ವಿನ್ಯಾಸದ ಹಳೆಯ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳಿಗೆ ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಹೊರಡುವಲ್ಲಿ ಕೂರಿಸಿದ ಸಣ್ಣ ಡ್ರಮ್ಮಿಗೆ ಹಿಡಿಯುತ್ತದೆ. ವಾಹನ ಇಳಿಜಾರಿನಲ್ಲಿ ನಿಲ್ಲದೆ ಜಾರತೊಡಗಿದರೆ ಮೆಕ್ಯಾನಿಕ್ ಸಾಮಾನ್ಯವಾಗಿ ಕೇಬಲ್ ಬಿಗಿಮಾಡುತ್ತಾನೆ, ಕೆಲವು ದಿನಗಳ ಬಳಿಕ ಲೈನರ್ ಬದಲಾಯಿಸುತ್ತಾನೆ, ಹೊಸ ಲೈನರೂ ಬೇಗನೆ ಜಾರುತ್ತದೆ. ಡ್ರಮ್ಮನ್ನು ಬಿಚ್ಚಿ ಒಳಗೆ ಬೆರಳಾಡಿಸಿದರೆ ಎಣ್ಣೆಯ ಅಂಟು ಸಿಗುತ್ತದೆ, ಏಕೆಂದರೆ ಅದರ ಪಕ್ಕದಲ್ಲೇ ಇರುವ ಆಯಿಲ್ ಸೀಲ್ ಸೋರುತ್ತಿರುತ್ತದೆ. ಸೀಲನ್ನು ಬದಲಾಯಿಸಿದ ಮೇಲೂ ಸೋರಿಕೆ ಮರಳಿದರೆ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಪೆಟ್ಟಿಗೆಯೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಹೋಗಲೆಂದು ಮೇಲ್ಭಾಗದಲ್ಲಿ ಇಟ್ಟಿರುವ ಬ್ರೀದರ್ ಎಂಬ ಪುಟ್ಟ ರಂಧ್ರ ಧೂಳು ಮಣ್ಣಿನಿಂದ ಮುಚ್ಚಿಹೋಗಿರಬಹುದು. ಹೊರದಾರಿ ಕಾಣದ ಒತ್ತಡ ಎಣ್ಣೆಯನ್ನು ಸೀಲಿನ ಅಂಚಿನಿಂದ ಹೊರಕ್ಕೆ ನೂಕುತ್ತದೆ. ಈ ವಿನ್ಯಾಸದಲ್ಲಿ ಗೇರ್‌ಬಾಕ್ಸಿನ ಎಣ್ಣೆ ನಡುವಿನ ಶಾಫ್ಟಿನ ಗುಂಟ ಟ್ರಾನ್ಸ್‌ಫರ್ ಕೇಸಿಗೆ ಹರಿದುಹೋಗುವುದೂ ಉಂಟು. ಆಗ ಒಂದರಲ್ಲಿ ಎಣ್ಣೆ ಕಡಿಮೆಯಾಗಿ ಇನ್ನೊಂದರಲ್ಲಿ ಮಟ್ಟ ಮೀರುತ್ತದೆ, ಮೀರಿದ ಎಣ್ಣೆ ಅದೇ ಸೀಲಿನ ಮೇಲೆ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಹಿಡಿಯದ ದೂರಿಗೆ ಪರಿಹಾರ ತಂತಿಯ ಒಂದು ತುಂಡಿನಿಂದ ಬ್ರೀದರನ್ನು ಚುಚ್ಚಿ ಸ್ವಚ್ಛಗೊಳಿಸುವುದೇ ಆಗಿರಬಹುದು ಎಂಬುದು ಹೊಸಬರಿಗೆ ನಂಬಲು ಕಷ್ಟ. ಆದರೆ ಕಾರ್ಯಕಾರಣದ ಸರಪಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಅಲ್ಲಿಗೇ ತಲುಪಬೇಕಾಗುತ್ತದೆ.

ಸದ್ದು ಮತ್ತು ನಡುಕಗಳ ವಿಷಯದಲ್ಲಿ ಅನುಸರಿಸಬೇಕಾದದ್ದು ವಿಭಜನೆಯ ಕ್ರಮ, ಅಂದರೆ ಶಕ್ತಿಯ ದಾರಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ ದೋಷ ಯಾವ ತುಂಡಿನಲ್ಲಿದೆ ಎಂದು ಕಂಡುಕೊಳ್ಳುವುದು. ಮುಂದಿನ ಹಬ್‌ಗಳನ್ನು ಬೇರ್ಪಡಿಸುವ ಸೌಲಭ್ಯವಿಲ್ಲದ ವಾಹನದಲ್ಲಿ, ಫೋರ್ ವೀಲ್ ಡ್ರೈವ್ ಹಾಕದಿದ್ದರೂ ರಸ್ತೆಯ ಮೇಲೆ ಉರುಳುವ ಮುಂದಿನ ಚಕ್ರಗಳು ಮುಂದಿನ ಡಿಫರೆನ್ಷಿಯಲನ್ನೂ ಪ್ರೊಪೆಲ್ಲರ್ ಶಾಫ್ಟನ್ನೂ ತಿರುಗಿಸುತ್ತಲೇ ಇರುತ್ತವೆ. ಟ್ರಾನ್ಸ್‌ಫರ್ ಕೇಸಿನ ಲಿವರ್ ಎರಡು ಚಕ್ರದ ಸ್ಥಾನದಲ್ಲಿದೆಯೆಂಬ ಕಾರಣಕ್ಕೆ ಮುಂಭಾಗ ನಿರ್ದೋಷಿ ಎಂದು ತೀರ್ಮಾನಿಸಿ, ಹಿಂದಿನ ಡಿಫರೆನ್ಷಿಯಲಿನ ಕ್ರೌನ್ ಮತ್ತು ಪಿನಿಯನ್ ಗೇರುಗಳನ್ನು ಬಿಚ್ಚಿದವರ ಶ್ರಮ ವ್ಯರ್ಥವಾಗುವುದು ಇದರಿಂದಲೇ. ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಬೋಲ್ಟುಗಳನ್ನು ಬಿಚ್ಚಿ, ಶಾಫ್ಟನ್ನು ಪೂರ್ತಿ ಕೆಳಗಿಳಿಸಿ, ಹಿಂದಿನ ಚಕ್ರಗಳ ಬಲದಿಂದಲೇ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿದರೆ ಅನುಮಾನ ಅರ್ಧಕ್ಕೆ ಇಳಿಯುತ್ತದೆ. ನಡುಕ ಮಾಯವಾದರೆ ಆ ಶಾಫ್ಟಿನ ಯು.ಜೆ. ಕ್ರಾಸ್, ಅಂದರೆ ಕೋನದಲ್ಲಿ ತಿರುಗಲು ಬಿಡುವ ಶಿಲುಬೆಯಾಕಾರದ ಕೀಲು, ಮೊದಲ ಶಂಕಿತ. ಸದ್ದು ಹಾಗೆಯೇ ಉಳಿದರೆ ಹಿಂಭಾಗದ ಕಡೆಗೂ, ಚಕ್ರಗಳೊಡನೆ ಇನ್ನೂ ತಿರುಗುತ್ತಿರುವ ಮುಂದಿನ ಡಿಫರೆನ್ಷಿಯಲಿನ ಕಡೆಗೂ ನೋಡಬೇಕು. ಆಕ್ಸಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಪಿನಿಯನ್ ಬೇರಿಂಗಿನ ಕಡೆಗೆ, ಗೇರಿಗೆ ಬಲ ತಗಲುವ ಕ್ಷಣದಲ್ಲಿ ಠಕ್ಕೆಂದರೆ ಕ್ರಾಸಿನ ಕಡೆಗೆ, ಸ್ಟೇರಿಂಗ್ ತಿರುಗಿಸಿದಂತೆ ಗುಂಯ್‌ಗುಡುವ ಸದ್ದು ಏರಿಳಿದರೆ ಚಕ್ರದ ಬೇರಿಂಗಿನ ಕಡೆಗೆ ಸಂಶಯ ಹರಿಸಬಹುದು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ, ನಡುವೆ ಒಂದು ಗಿಡ್ಡ ಶಾಫ್ಟ್ ಇಟ್ಟುಕೊಂಡು ಪ್ರತ್ಯೇಕವಾಗಿ ರಬ್ಬರ್ ಮೌಂಟುಗಳ ಮೇಲೆ ಕೂತಿರುವುದರಿಂದ, ಆ ರಬ್ಬರ್ ಸತ್ತುಹೋದರೂ ಗೇರಿನ ದೋಷದಂತೆಯೇ ಕಾಣುವ ನಡುಕ ಬರುತ್ತದೆ.

ಮಧ್ಯದ ಡಿಫರೆನ್ಷಿಯಲ್ ಇಲ್ಲದಿರುವುದರ ಪರಿಣಾಮವನ್ನು ಇಲ್ಲಿ ಬಿಡಿಸಿ ಹೇಳಬೇಕು. ವಾಹನ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಬಳಸಿನಲ್ಲಿ ಸಾಗುತ್ತವೆ, ಆದರೆ ಫೋರ್ ವೀಲ್ ಡ್ರೈವ್ ಹಾಕಿದಾಗ ಎರಡೂ ಆಕ್ಸಲ್‌ಗಳು ಒಂದೇ ವೇಗದಲ್ಲಿ ಸುತ್ತುವಂತೆ ಬಂಧಿತವಾಗಿರುತ್ತವೆ. ಕೆಸರಿನಲ್ಲಿ, ಮರಳಿನಲ್ಲಿ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸವನ್ನು ಕಳೆದುಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಜಾರಲಾಗದೆ ಶಾಫ್ಟುಗಳಲ್ಲಿ ತಿರುಚುಬಲ ಕಟ್ಟಿಕೊಳ್ಳುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಕೊನೆಗೆ ಲಿವರ್ ಎಳೆದರೂ ಬಾರದಂತೆ ಸಿಕ್ಕಿಕೊಳ್ಳುತ್ತದೆ. ಲಿವರನ್ನು ಬಲವಂತವಾಗಿ ಎಳೆದು ಒಳಗಿನ ಫೋರ್ಕನ್ನು ಬಗ್ಗಿಸುವ ಬದಲು ವಾಹನವನ್ನು ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ಓಡಿಸಿದರೆ ಬಿಗಿತ ಸಡಿಲಿ ಲಿವರ್ ತಾನಾಗಿ ಬರುತ್ತದೆ.

ನೇರ ರಸ್ತೆಯಲ್ಲೂ ಇದೇ ಬಿಗಿತ ಕಂಡರೆ ಟ್ರಾನ್ಸ್‌ಫರ್ ಕೇಸನ್ನು ದೂರುವ ಮೊದಲು ಅಳತೆಪಟ್ಟಿ ಹಿಡಿದು ಟೈರುಗಳನ್ನು ನೋಡುವುದು ಲೇಸು. ಸುಮಾರು 36 ಸೆಂ.ಮೀ. ತ್ರಿಜ್ಯದ ಚಕ್ರಗಳಲ್ಲಿ ಮುಂದಿನವು ಹಿಂದಿನವುಗಳಿಗಿಂತ 1 ಸೆಂ.ಮೀ. ಸವೆದಿದ್ದರೆ ಒಂದು ಸುತ್ತಿನಲ್ಲಿ ಸುಮಾರು 6.3 ಸೆಂ.ಮೀ., ಒಂದು ಕಿಲೋಮೀಟರಿನಲ್ಲಿ ಸುಮಾರು 28 ಮೀಟರ್ ವ್ಯತ್ಯಾಸವಾಗುತ್ತದೆ. ಅಷ್ಟನ್ನೂ ಟೈರು ಉಜ್ಜಿಕೊಂಡೇ ಸರಿದೂಗಿಸಬೇಕು. ಇದಕ್ಕಿಂತ ಗಂಭೀರವಾದದ್ದು ಎರಡು ಆಕ್ಸಲ್‌ಗಳ ಗೇರಿನ ಪ್ರಮಾಣ ಬೇರೆಯಾಗಿರುವುದು. ಪುರಸೈವಾಕ್ಕಂನಿಂದ ಎಗ್ಮೋರ್ ದಾಟಿದರೆ ಸಿಗುವ, ಕೂವಂ ನದಿಯ ಮಗ್ಗುಲಿನ ಪುದುಪೇಟೆ ಹಳೆಯ ವಾಹನಗಳ ಭಾಗಗಳಿಗೆ ಹೆಸರಾದ ಮಾರುಕಟ್ಟೆ. ಎಲ್ಲಿಯೂ ಸಿಗದ ಭಾಗ ಅಲ್ಲಿ ಸಿಗುವ ಸಾಧ್ಯತೆ ಇರುವಂತೆಯೇ ಹೊರಗಿನಿಂದ ಒಂದೇ ರೀತಿ ಕಾಣುವ, ಒಳಗೆ ಬೇರೆಯೇ ಆದ ಭಾಗ ಸಿಗುವ ಸಾಧ್ಯತೆಯೂ ಇದೆ. ಯುದ್ಧಕಾಲದ ವಿಲ್ಲಿಸ್ ಜೀಪಿನ ಕ್ರೌನ್ ಚಕ್ರಕ್ಕೆ 39 ಹಲ್ಲು, ಪಿನಿಯನ್ನಿಗೆ 8 ಹಲ್ಲು, ಅಂದರೆ ಪ್ರಮಾಣ 4.88, ನಂತರದ ನಾಗರಿಕ ಜೀಪುಗಳಲ್ಲಿ 43ಕ್ಕೆ 8, ಅಂದರೆ 5.38. ಮುಂದೆ ಒಂದು ಹಿಂದೆ ಇನ್ನೊಂದು ಬಿದ್ದರೆ ವ್ಯತ್ಯಾಸ ಶೇಕಡಾ 10 ಮೀರುತ್ತದೆ, ಫೋರ್ ವೀಲ್ ಡ್ರೈವ್ ಹಾಕಿದ ಕೂಡಲೇ ಯಾವುದೋ ಒಂದು ಭಾಗ ಮುರಿಯುವ ಅಪಾಯವಿದೆ.

ಆಕ್ಸಲನ್ನು ಬಿಚ್ಚದೆಯೇ ಅದರ ಗೇರಿನ ಪ್ರಮಾಣವನ್ನು ಪರೀಕ್ಷಿಸುವ ಉಪಾಯವಿದೆ. ಸಮನೆಲದಲ್ಲಿ ಉಳಿದ ಚಕ್ರಗಳಿಗೆಲ್ಲ ಅಡೆಗಲ್ಲು ಕೊಟ್ಟು, ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದು, ಪರೀಕ್ಷಿಸುವ ಆಕ್ಸಲಿನ ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಎತ್ತಬೇಕು. ಹಿಂದಿನ ಆಕ್ಸಲ್ ಆದರೆ ಹ್ಯಾಂಡ್ ಬ್ರೇಕನ್ನೂ ಬಿಟ್ಟಿರಬೇಕು. ಟೈರಿನ ಮೇಲೂ ಪ್ರೊಪೆಲ್ಲರ್ ಶಾಫ್ಟಿನ ಮೇಲೂ ಸೀಮೆಸುಣ್ಣದಿಂದ ಗುರುತು ಹಾಕಿ, ಎತ್ತಿದ ಚಕ್ರವನ್ನು ಕೈಯಿಂದ ನಿಖರವಾಗಿ ಎರಡು ಸುತ್ತು ತಿರುಗಿಸಿದರೆ, ಇನ್ನೊಂದು ಚಕ್ರ ನಿಂತಿರುವುದರಿಂದ ಕ್ರೌನ್ ಚಕ್ರ ಒಂದೇ ಸುತ್ತು ತಿರುಗುತ್ತದೆ, ಶಾಫ್ಟ್ ಎಷ್ಟು ಸುತ್ತು ಹೊಡೆಯುತ್ತದೆಯೋ ಅದೇ ಗೇರಿನ ಪ್ರಮಾಣ. ಐದು ಸುತ್ತಿಗೆ ಸ್ವಲ್ಪ ಕಡಿಮೆಯಾದರೆ 4.88, ಐದು ದಾಟಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಾದರೆ 5.38. ಎರಡರ ನಡುವೆ ಅರ್ಧ ಸುತ್ತಿನ ಅಂತರವಿರುವುದರಿಂದ ಕಣ್ಣು ತಪ್ಪುವ ಭಯವಿಲ್ಲ. ಹಳೆಯ ಜೀಪನ್ನು ಕೊಳ್ಳುವವರು ಹಣ ಎಣಿಸುವ ಮೊದಲು ಎರಡೂ ಆಕ್ಸಲ್‌ಗಳಿಗೆ ಈ ಪರೀಕ್ಷೆ ಮಾಡಿಕೊಳ್ಳುವುದು ಅತ್ಯಗತ್ಯ.

ಮುಂದಿನ ಚಕ್ರಗಳು ಒಂದು ವೇಗದಲ್ಲಿ ಇದ್ದಕ್ಕಿದ್ದಂತೆ ಎಡಕ್ಕೂ ಬಲಕ್ಕೂ ಜೋರಾಗಿ ಕುಣಿಯತೊಡಗಿ, ಸ್ಟೇರಿಂಗ್ ಕೈಯಲ್ಲಿ ನಿಲ್ಲದಂತಾಗುವುದು ಈ ವರ್ಗದ ವಾಹನಗಳ ಅತ್ಯಂತ ಭಯ ಹುಟ್ಟಿಸುವ ದೋಷ. ಟೈರ್ ಬ್ಯಾಲೆನ್ಸ್ ಮಾಡಿಸಿದಾಗ ಕೆಲವು ದಿನ ಕಡಿಮೆಯಾಗುವುದರಿಂದ ಅದೇ ಕಾರಣವೆಂಬ ಭ್ರಮೆ ಹುಟ್ಟುತ್ತದೆ. ಬ್ಯಾಲೆನ್ಸ್ ತಪ್ಪಿದ ಟೈರು ಕುಣಿತವನ್ನು ಆರಂಭಿಸಬಹುದಾದರೂ ಅದು ಬೆಳೆಯಲು ಎಲ್ಲೋ ಒಂದೆಡೆ ಸಡಿಲವಿರಲೇಬೇಕು. ಜೀಪು, ಜಿಪ್ಸಿ ಎರಡರಲ್ಲೂ ಮುಂದಿನ ಆಕ್ಸಲಿನ ತುದಿಯಲ್ಲಿ ದುಂಡಗಿನ ಉಕ್ಕಿನ ಗುಂಡು ಇದ್ದು, ಅದರ ಮೇಲೆಯೂ ಕೆಳಗೂ ಇರುವ ಕಿಂಗ್ ಪಿನ್ ಬೇರಿಂಗುಗಳ ಆಧಾರದಲ್ಲಿ ಚಕ್ರದ ಜೋಡಣೆ ಎಡಬಲಕ್ಕೆ ತಿರುಗುತ್ತದೆ. ಚಕ್ರವನ್ನು ಜಾಕಿಯಿಂದ ಎತ್ತಿ, ಟೈರಿನ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಿಸಿ, ಆಟ, ಅಂದರೆ ಸಡಿಲ, ಕಂಡುಬಂದರೆ ಇನ್ನೊಬ್ಬರಿಂದ ಬ್ರೇಕ್ ಪೆಡಲ್ ಒತ್ತಿಸಿ ಮತ್ತೆ ಅಲುಗಿಸಬೇಕು. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಸಡಿಲವಾಗಿರುವುದು ಚಕ್ರದ ಬೇರಿಂಗ್, ಏಕೆಂದರೆ ಬ್ರೇಕು ಹಬ್ಬನ್ನು ಅದರ ಹಿಂದಿನ ಭಾಗಕ್ಕೆ ಬಿಗಿಹಿಡಿದಿರುತ್ತದೆ. ಒತ್ತಿದಾಗಲೂ ಆಟ ಉಳಿದರೆ ಸಡಿಲವಾಗಿರುವುದು ಕಿಂಗ್ ಪಿನ್. ಬೇರಿಂಗು ಇನ್ನೂ ಚೆನ್ನಾಗಿದ್ದರೆ ಅಲ್ಲಿರುವ ಶಿಮ್ ಎಂಬ ತೆಳು ಲೋಹದ ತಗಡುಗಳಲ್ಲಿ ಒಂದೆರಡನ್ನು ತೆಗೆದು ಬಿಗಿತ ತರಬಹುದು. ಸಿ.ಜೆ. 3ಬಿಯಂಥ ಜೀಪುಗಳಲ್ಲಿ ಸ್ಟೇರಿಂಗಿನ ಚಲನೆಯನ್ನು ಚಕ್ರಗಳ ಕಡೆಗೆ ತಿರುಗಿಸಿ ಕಳಿಸುವ ಬೆಲ್ ಕ್ರ್ಯಾಂಕ್ ಎಂಬ ಭಾಗವಿದ್ದು, ಅದರ ಪಿನ್ ಸವೆದರೂ ಇದೇ ಕುಣಿತ ಬರುತ್ತದೆ. ಇವೆಲ್ಲವನ್ನೂ ಬಿಟ್ಟು ಸ್ಟೇರಿಂಗ್ ಡ್ಯಾಂಪರ್ ಜೋಡಿಸಿ ಕುಣಿತ ಅಡಗಿಸುವುದು ರೂಢಿಯಲ್ಲಿದೆ. ಅದು ದೋಷವನ್ನು ಮರೆಮಾಚಿ ಮುಂದೊಂದು ದಿನ ಅಪಾಯಕ್ಕೆ ಒಡ್ಡುವ ಕೆಲಸ. ಯಾವ ಮೆಕ್ಯಾನಿಕ್ಕೂ ಅದನ್ನು ಮೊದಲ ಪರಿಹಾರವಾಗಿ ಸೂಚಿಸಬಾರದು.

ಡೀಸೆಲ್ ಜೀಪು ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದರೂ ಹಿಡಿಯದೆ, ಒಮ್ಮೆ ಹಿಡಿದ ಮೇಲೆ ದಿನವೆಲ್ಲ ಚೆನ್ನಾಗಿ ಓಡುತ್ತಿದ್ದರೆ ಪಂಪ್ ಮತ್ತು ನಾಜಲ್ ಬಿಚ್ಚಿಸುವ ಆತುರ ಬೇಡ. ಇಂಜೆಕ್ಷನ್ ಪಂಪು ಬಹು ಸೂಕ್ಷ್ಮವಾಗಿ ಅಳತೆಗೆ ತಕ್ಕಂತೆ ಮಾಡಿದ ಯಂತ್ರ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಕನ್ನಡಿಗರಿಗೆ ಮೈಕೊ ಎಂದೇ ಪರಿಚಿತವಾದ, 2008ರಿಂದ ಬಾಷ್ ಎಂಬ ಹೆಸರಿರುವ ಸಂಸ್ಥೆ ಇಂಥ ಪಂಪುಗಳನ್ನು ದಶಕಗಳ ಕಾಲ ತಯಾರಿಸಿತು. ಅವು ಸುಲಭಕ್ಕೆ ಕೆಡುವುದಿಲ್ಲ. ಟ್ಯಾಂಕಿಗೂ ಅದರಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೂ ನಡುವಿನ ಕೊಳವೆಯಲ್ಲಿ ಒತ್ತಡವಿಲ್ಲ, ಹೀರುವಿಕೆ ಮಾತ್ರ ಇದೆ. ಹಾಗಾಗಿ ಅಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಹೊರಗೆ ಒದ್ದೆ ಕಾಣದಿರುವುದರಿಂದಲೇ ಕೊಳವೆಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ರಾತ್ರಿಯೆಲ್ಲ ನಿಂತಾಗ ಆ ಬಿರುಕಿನಿಂದ ಗಾಳಿ ಹೊಕ್ಕು ಡೀಸೆಲ್ ಹಿಂದಕ್ಕೆ ಇಳಿದುಹೋಗುತ್ತದೆ, ಬೆಳಿಗ್ಗೆ ಪಂಪು ಗಾಳಿಯನ್ನೇ ಅಮುಕುತ್ತ ಕೂರುತ್ತದೆ. ಸ್ವಚ್ಛ ಡೀಸೆಲ್ ತುಂಬಿದ ಡಬ್ಬಿಯೊಂದನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಇರಿಸಿ, ಪಾರದರ್ಶಕ ಕೊಳವೆಯಿಂದ ಫೀಡ್ ಪಂಪಿಗೆ ನೇರ ಸೇರಿಸಿ, ಏರ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ, ತೆಗೆದು ಒಂದು ರಾತ್ರಿ ಬಿಟ್ಟು ನೋಡಬೇಕು. ಬೆಳಿಗ್ಗೆ ಎಂಜಿನ್ ಒಂದೇ ಸಲಕ್ಕೆ ಹಿಡಿದರೆ ಪಂಪು ನಿರಪರಾಧಿ. ದೋಷ ಟ್ಯಾಂಕಿನ ಕಡೆಯ ಕೊಳವೆಯಲ್ಲೋ ಅದರ ತಾಮ್ರದ ವಾಷರಿನಲ್ಲೋ ಇದೆ. ಏರ್ ತೆಗೆಯುವಾಗ ಫಿಲ್ಟರಿನ ಸ್ಕ್ರೂ, ಇಂಜೆಕ್ಷನ್ ಪಂಪಿನ ಸ್ಕ್ರೂ, ಕೊನೆಗೆ ನಾಜಲ್ ಪೈಪಿನ ನಟ್ಟು ಎಂಬ ಅನುಕ್ರಮ ತಪ್ಪಬಾರದು.

ಸೆಲ್ಫ್ ಮೋಟಾರೇ ನಿಧಾನವಾಗಿ ತಿರುಗಿದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಅರ್ತ್ ಪರೀಕ್ಷಿಸಬೇಕು, ಅಂದರೆ ವಿದ್ಯುತ್ತು ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿಯನ್ನು. ಕಡಲಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಪುರಸೈವಾಕ್ಕಂನಲ್ಲಿ ಅರ್ತ್ ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು ಸೇರಿರುವ ಸಂಭವ ಹೆಚ್ಚು. ವೋಲ್ಟ್ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ತಾಗಿಸಿ ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ, ಕೆಟ್ಟಿರುವುದು ಆ ಪಟ್ಟಿಯೇ.

ಇನ್ನು ನೀರಿನ ವಿಷಯ. ಪುರಸೈವಾಕ್ಕಂನ ಆಸುಪಾಸಿನಲ್ಲಿ ಹರಿಯುವ ಓಟ್ಟೇರಿ ನಾಲೆ ಹಿಂಗಾರಿನ ದೊಡ್ಡ ಮಳೆಗೆ ಉಕ್ಕುವುದುಂಟು. 2015ರ ಡಿಸೆಂಬರಿನ ಮಹಾಪೂರದಲ್ಲೂ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ತಂದ ಮಳೆಯಲ್ಲೂ ಚೆನ್ನೈನ ಬೀದಿಬೀದಿಗಳಲ್ಲಿ ವಾಹನಗಳು ಮುಳುಗಿ ನಿಂತವು. ಜೀಪು ಎತ್ತರದ ವಾಹನವಾದ್ದರಿಂದ ಮೊಣಕಾಲುದ್ದದ ನೀರನ್ನು ಧೈರ್ಯವಾಗಿ ದಾಟುತ್ತದೆ, ದಾಟಿದ ಮೇಲೆ ಏನೂ ಆಗಿಲ್ಲವೆಂಬ ಸಮಾಧಾನವೂ ಮೂಡುತ್ತದೆ. ಹಾನಿ ಆರಂಭವಾಗುವುದು ಆ ಬಳಿಕವೇ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಬ್ರೀದರಿನಿಂದಲೂ ಸೀಲಿನ ಅಂಚಿನಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ಮೂರು ನಾಲ್ಕು ತಿಂಗಳ ನಂತರ ಬೇರಿಂಗ್ ಕೂಗತೊಡಗಿದಾಗ ಅದಕ್ಕೂ ಮಳೆಗೂ ಸಂಬಂಧ ಕಲ್ಪಿಸುವವರು ವಿರಳ. ಆದ್ದರಿಂದ ನೀರು ದಾಟಿದ ವಾಹನವನ್ನು ಒಂದು ರಾತ್ರಿ ಅಲುಗದಂತೆ ನಿಲ್ಲಿಸಿ, ಮರುದಿನ ಡಿಫರೆನ್ಷಿಯಲಿನ ಡ್ರೈನ್ ಪ್ಲಗ್ಗನ್ನು ಪೂರ್ತಿ ತೆಗೆಯದೆ ಕೆಲವು ಎಳೆ ಮಾತ್ರ ಸಡಿಲಿಸಿ ನೋಡಬೇಕು. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳದಲ್ಲಿ ನಿಂತು, ಎಣ್ಣೆಗೆ ಮೊದಲು ತಾನೇ ಜಿನುಗುತ್ತದೆ. ವಾಹನ ಆಗಲೇ ಓಡಾಡಿದ್ದರೆ ನೀರೂ ಎಣ್ಣೆಯೂ ಕಲಕಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತವೆ. ಹಬ್ಬುಗಳ ಗ್ರೀಸನ್ನೂ ಕಿಂಗ್ ಪಿನ್ ಬಳಿಯ ಗುಂಡಿನ ಗ್ರೀಸನ್ನೂ ಇದೇ ಸಂದರ್ಭದಲ್ಲಿ ನೋಡುವುದು ಕಡ್ಡಾಯ. ಎಂಜಿನ್ ನೀರಿನಲ್ಲೇ ನಿಂತುಹೋಗಿದ್ದರಂತೂ ಸೆಲ್ಫ್ ಹೊಡೆಯಲೇಕೂಡದು. ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗದಿರುವುದರಿಂದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ನಾಜಲ್, ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಿದ ಮೇಲೆಯೇ ಮುಂದಿನ ಮಾತು. ಬ್ರೀದರುಗಳಿಗೆ ನೈಲಾನ್ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ಯುವುದು ಅತಿ ಕಡಿಮೆ ಖರ್ಚಿನ ಮುಂಜಾಗ್ರತೆ, ಈ ಊರಿನ ಪ್ರತಿ ಜೀಪಿಗೂ ಅದು ಇರಬೇಕು.

ಭಾಗಗಳ ಮಟ್ಟಿಗೆ ಚೆನ್ನೈ ಅನುಕೂಲದ ಊರು. ಪಾಡಿಯಲ್ಲಿ ಸೆಲ್ಫ್ ಮೋಟಾರು ತಯಾರಿಸುವ ಲೂಕಾಸ್ ಟಿ.ವಿ.ಎಸ್. ಮತ್ತು ಬ್ರೇಕಿನ ಭಾಗಗಳ ಬ್ರೇಕ್ಸ್ ಇಂಡಿಯಾ, ಸೆಂಬಿಯಂನಲ್ಲಿ ಇಂಡಿಯಾ ಪಿಸ್ಟನ್ಸ್ ಬೆಳೆದದ್ದರಿಂದ ಈ ಕಸುಬಿನ ತಿಳಿವು ನಗರದಲ್ಲಿ ಹರಡಿದೆ. ಹೊಸ ಭಾಗಗಳಿಗೆ ಜನರಲ್ ಪ್ಯಾಟರ್ಸ್ ರಸ್ತೆಯಿದೆ. ಬ್ರೇಕಿನ ರಬ್ಬರು, ಆಯಿಲ್ ಸೀಲು, ಬೇರಿಂಗುಗಳನ್ನು ಹೊಸದಾಗಿಯೇ ಕೊಳ್ಳಬೇಕು. ಹೌಸಿಂಗ್, ಲಿವರ್, ಬ್ರಾಕೆಟ್ಟುಗಳಂಥ ಎರಕದ ಭಾಗಗಳನ್ನು ಪುದುಪೇಟೆಯಲ್ಲಿ ಹುಡುಕುವುದರಲ್ಲಿ ತಪ್ಪಿಲ್ಲ.

ಡಿಫರೆನ್ಷಿಯಲಿನ ಎಣ್ಣೆ ಬದಲಾಯಿಸುವಾಗ ಡ್ರೈನ್ ಪ್ಲಗ್ಗಿನ ತುದಿಯನ್ನು ಬಟ್ಟೆಯಿಂದ ಒರೆಸಿಹಾಕುವ ಮೊದಲು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಒಳ್ಳೆಯದು. ಬೆರಳ ನಡುವೆ ನುಣ್ಣಗೆ ಉಜ್ಜಿಹೋಗುವ ಬೂದುಬಣ್ಣದ ಲೇಪ ವರ್ಷಗಳ ಸಹಜ ಸವೆತದ್ದು, ಚಿಂತೆಗೆ ಕಾರಣವಲ್ಲ. ಉಗುರಿಗೆ ತೊಡರುವ ಚಕ್ಕೆ ಬೇರಿಂಗಿನ ಮೇಲ್ಮೈ ಕಿತ್ತುಬರುತ್ತಿರುವುದರ ಗುರುತು. ಅಂಚು ಚೂಪಾದ ತುಂಡು ಸಿಕ್ಕರೆ ಅದು ಗೇರಿನ ಹಲ್ಲು. ಆ ಆಕ್ಸಲನ್ನು ಅಂದೇ ಬಿಚ್ಚಿಸಬೇಕು. ಕ್ರೌನ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿಯಾಗಿ ಹೊಂದಿಸಿರುವುದರಿಂದ ಒಂದರ ಹಲ್ಲು ಮಾತ್ರ ಮುರಿದಿದ್ದರೂ ಎರಡನ್ನೂ ಕೂಡಿಯೇ ಬದಲಾಯಿಸಬೇಕು, ಮತ್ತು ಹೊಸ ಜೋಡಿಯ ಹಲ್ಲುಗಳನ್ನು ಅಂಗಡಿಯ ಮುಂದೆಯೇ ಎಣಿಸಿ ಇನ್ನೊಂದು ಆಕ್ಸಲಿನ ಪ್ರಮಾಣಕ್ಕೆ ತಾಳೆ ನೋಡಿಕೊಂಡು ತರಬೇಕು.